ಒಬ್ಬರ ‘ಮಾರೋ’, ಇನ್ನೊಬ್ಬರ ‘ಮಾರೋ’

ಹೋದ ವರ್ಷ ಬೇಸಿಗೆಯಲ್ಲಿ ಕುರಿ ರೇಟಿನ ಸುದ್ದಿ ಮಾಡೋಣ ಅಂತ ಸಂತೆಗೆ ಹೋಗಿದ್ದೆ. ಟೀ ಅಂಗಡಿ ಮುಂದೆ ನಿಂತಿದ್ದಾಗ ಆಚೆ ಮೂಲೆಯಲ್ಲಿ ಒಮ್ಮೆಲೇ ಜನ ಓಡತೊಡಗಿದರು. “ಕುರಿ ಕಳ್ಳ ಸಿಕ್ಕಾನ” ಅಂತ ಯಾರೋ ಕೂಗಿದರು. ನಾನು ತಲುಪುವಷ್ಟರಲ್ಲಿ ಇಪ್ಪತ್ತರ ಆಸುಪಾಸಿನ ಒಬ್ಬ ಹುಡುಗ ನೆಲಕ್ಕೆ ಬಿದ್ದಿದ್ದ. ಅಂಗಿ ಹರಿದಿತ್ತು, ಕೆನ್ನೆ ಊದಿತ್ತು. ಬಿಹಾರದವನಂತೆ, ಕಟ್ಟಡದ ಕೆಲಸಕ್ಕೆ ಬಂದವನಂತೆ ಅಂತ ಸುತ್ತ ನಿಂತವರು ಹೇಳಿದರು.

ಸ್ಟ್ರಿಂಗರ್ ಕೆಲಸದಲ್ಲಿ ಮೊದಲು ಕಳಿಸಿದವನದೇ ಸುದ್ದಿ. ನಿಂತಲ್ಲೇ ಮೊಬೈಲ್ ತೆಗೆದು ಟೈಪ್ ಮಾಡಿದೆ: “ಕುರಿ ಕದಿಯಲು ಯತ್ನ: ಹೊರರಾಜ್ಯದ ಯುವಕನಿಗೆ ಸಾರ್ವಜನಿಕರಿಂದ ಗೂಸಾ.” ಇಂಥ ಸುದ್ದಿಗೆ ಪದಗಳು ಮೊದಲೇ ತಯಾರಿರುತ್ತವೆ, ಯೋಚಿಸಬೇಕಾಗಿಲ್ಲ.

ಕಳಿಸುವ ಮೊದಲು ಅವನ ಚೀಲ ಕಣ್ಣಿಗೆ ಬಿತ್ತು. ಟೊಮೆಟೊ, ಈರುಳ್ಳಿ ಚೆಲ್ಲಾಪಿಲ್ಲಿ ಆಗಿದ್ದವು. ಕುರಿ ಕದಿಯಲು ಬಂದವನು ವಾರದ ಕಾಯಿಪಲ್ಲೆ ಹೊತ್ತುಕೊಂಡು ಬರುತ್ತಾನೆಯೇ? ನನಗೆ ಬರುವ ಹರಕು ಹಿಂದಿಯಲ್ಲಿ ಏನಾಯಿತು ಅಂತ ಕೇಳಿದೆ. ಅವನು ನಡುಗುತ್ತಾ ಒಬ್ಬ ಅಜ್ಜನ ಕಡೆ ಕೈ ತೋರಿಸಿದ. “ವೋ ಚಾಚಾ ಬೋಲೇ, ಮಾರೋ, ಮಾರೋ!”

ಅಜ್ಜನಿಗೆ ಗಾಬರಿ. “ನಾ ಯಾವಾಗ ಹೊಡೀರಿ ಅಂದ್ನೆಪ್ಪಾ? ನನ್ನ ಮಗಗ ಕುರಿ ಮಾರೋ ಅಂದೆ!”

ಆಗ ಎಲ್ಲ ಗೊತ್ತಾಯಿತು. ಅಜ್ಜನ ಮಗ ಟವೆಲ್ ಒಳಗೆ ದಲ್ಲಾಳಿಯ ಬೆರಳು ಹಿಡಿದು ವ್ಯಾಪಾರ ಮಾಡುತ್ತಿದ್ದ. ರೇಟು ಕುದುರಿದ್ದು ನೋಡಿ ಅಜ್ಜ ಹಿಂದಿನಿಂದ ಕೋಲು ಎತ್ತಿ “ಮಾರೋ, ಮಾರೋ” ಅಂತ ಕೂಗಿದ್ದಾನೆ. ಅದೇ ಹೊತ್ತಿಗೆ ಈ ಹುಡುಗನ ಕಾಲು ಕುರಿ ಕಟ್ಟಿದ ಹಗ್ಗಕ್ಕೆ ಸಿಕ್ಕಿ ಎರಡು ಕುರಿ ಬೆದರಿವೆ. ಎದುರಿಗೆ ಎತ್ತಿದ ಕೋಲು, ಕಿವಿಗೆ ಬಿದ್ದದ್ದು “ಮಾರೋ.” ಹಿಂದಿಯಲ್ಲಿ ಅದರ ಅರ್ಥ ಹೊಡೀರಿ. ಹುಡುಗ ಮುಂದಿದ್ದವರನ್ನು ತಳ್ಳಿ ಓಡಿದ. ಕುರಿ ಸಂತೆಯಲ್ಲಿ ಓಡುವವನನ್ನು ಜನ ಕಳ್ಳ ಅನ್ನದೆ ಇನ್ನೇನು ಅಂದಾರು?

ಮನೆಗೆ ಬಂದ ಮೇಲೂ ಆ ಪದ ತಲೆಯಿಂದ ಹೋಗಲಿಲ್ಲ. ಹುಡುಕಿ ಓದಿದೆ. ನಮ್ಮ ‘ಮಾರು’ ತಮಿಳು, ತೆಲುಗಿನ ‘ಮಾರು’ವಿನ ಒಡಹುಟ್ಟು. ಅಲ್ಲಿ ಅದಕ್ಕೆ ಬದಲಾಗು ಅನ್ನುವ ಅರ್ಥ. ನಮ್ಮ ‘ಮಾರ್ಪಾಡು’ ಪದದಲ್ಲಿ ಆ ಅರ್ಥ ಇನ್ನೂ ಉಳಿದಿದೆ. ಒಂದು ಕೊಟ್ಟು ಅದರ ಬದಲಿಗೆ ಇನ್ನೊಂದು ತಗೊಳ್ಳುವುದೇ ಮಾರಾಟ ಅಲ್ಲವೇ? ಹಿಂದಿಯ ‘ಮಾರ್‌ನಾ’ ಬೇರೆ ಮನೆತನದ್ದು. ಅದು ಸಂಸ್ಕೃತದ ಕಡೆಯಿಂದ ಬಂದದ್ದು, ಮರಣ, ಮಾರಕ ಪದಗಳ ಬಳಗ. ಎರಡೂ ‘ಮಾರೋ’ ಬಾಯಲ್ಲಿ ಒಂದೇ ಥರ ಕೇಳುತ್ತವೆ, ಆದರೆ ಅವಕ್ಕೆ ರಕ್ತಸಂಬಂಧವಿಲ್ಲ.

ಮದ್ರಾಸಿನಲ್ಲಿ ಕಲೆಕ್ಟರ್ ಆಗಿದ್ದ ಫ್ರಾನ್ಸಿಸ್ ಎಲ್ಲಿಸ್, 1816ರಲ್ಲಿ ಅಚ್ಚಾದ ಒಂದು ತೆಲುಗು ವ್ಯಾಕರಣಕ್ಕೆ ಬರೆದ ಟಿಪ್ಪಣಿಯಲ್ಲಿ ದಕ್ಷಿಣದ ಭಾಷೆಗಳು ಸಂಸ್ಕೃತದಿಂದ ಹುಟ್ಟಿದವಲ್ಲ, ಅವುಗಳದೇ ಬೇರೆ ಕುಟುಂಬ ಅಂತ ತೋರಿಸಿದರು. 1856ರಲ್ಲಿ ರಾಬರ್ಟ್ ಕಾಲ್ಡ್‌ವೆಲ್ ಅದನ್ನೇ ದೊಡ್ಡ ಪುಸ್ತಕ ಮಾಡಿದರು. ಸಂಬಂಧ ಗುರುತಿಸಲು ಒಂದು ಪದ ಒಂದೇ ಥರ ಕೇಳಿದರೆ ಸಾಲದು. ಪದದಿಂದ ಪದಕ್ಕೆ ಅದೇ ವ್ಯತ್ಯಾಸ ಮತ್ತೆ ಮತ್ತೆ ಕಾಣಬೇಕು. ತಮಿಳಿನ ಪಾಲ್ ನಮ್ಮಲ್ಲಿ ಹಾಲು, ಪುಲಿ ನಮ್ಮಲ್ಲಿ ಹುಲಿ, ಪತ್ತು ನಮ್ಮಲ್ಲಿ ಹತ್ತು. ಬೇರೆ ಕೇಳಿದರೂ ಇವು ನೆಂಟರು. ಒಂದೇ ಕೇಳುವ ಎರಡು ‘ಮಾರೋ’ ಪರಕೀಯರು.

ಹುಡುಕಿದರೆ ಇಂಥವು ದಿನಾ ಸಿಗುತ್ತವೆ. ನಮಗೆ ‘ಸಾಲ’ ಅಂದರೆ ಬ್ಯಾಂಕಿನ ಚಿಂತೆ, ಹಿಂದಿಯವರಿಗೆ ‘ಸಾಲ್’ ಅಂದರೆ ವರ್ಷ, ‘ಸಾಲಾ’ ಅಂದರೆ ಹೆಂಡತಿಯ ತಮ್ಮ, ಸಿಟ್ಟು ಬಂದರೆ ಬೈಗುಳ. ನಮ್ಮ ‘ಬಾಲ’ ಹಿಂದೆ ಇರುತ್ತದೆ, ಅವರ ‘ಬಾಲ್’ ತಲೆ ಮೇಲಿನ ಕೂದಲು. ನಮ್ಮ ‘ತಲೆ’ ಮೇಲಿದೆ, ಅವರ ‘ತಲೇ’ ಅಂದರೆ ಕೆಳಗೆ. ನಿಪ್ಪಾಣಿ, ಬೆಳಗಾವಿ ಕಡೆ ಅಂಗಡಿಯವನು ಮರಾಠಿಯಲ್ಲಿ “ಕಾಯ್?” ಅಂದರೆ ತೆಂಗಿನಕಾಯಿ ಬೇಕಾ ಅಂತಲ್ಲ, ಏನು ಅಂತ. ಇವೆಲ್ಲ ನಗುವ ಮಾತು. ಕೈಯಲ್ಲಿ ಕೋಲು, ಸುತ್ತ ಗುಂಪು ಇದ್ದಾಗ ಮಾತ್ರ ನಗು ಬರುವುದಿಲ್ಲ.

2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರು ಅನ್ನುವ ವಾಟ್ಸ್‌ಆ್ಯಪ್ ವದಂತಿ ನಂಬಿ ಜನ ಹೈದರಾಬಾದಿನ ಒಬ್ಬ ಎಂಜಿನಿಯರನ್ನು ಹೊಡೆದು ಕೊಂದರು. ನಮ್ಮ ಸಂತೆಯಲ್ಲಿ ಅಷ್ಟು ಆಗಲಿಲ್ಲ. ನಾಲ್ಕು ಏಟಿಗೆ ನಿಂತಿತು. ಆದರೆ ಅಲ್ಲಿದ್ದವರಲ್ಲಿ ಎರಡೂ ಭಾಷೆ ಬಲ್ಲವರು ಹತ್ತಾರು ಮಂದಿ ಇದ್ದರು. ಹೊಡೆಯುವ ಮೊದಲು ಒಬ್ಬರೂ ಅವನನ್ನು ಕೇಳಿರಲಿಲ್ಲ. ನಾನೂ ಕೇಳಿದ್ದು ಟೈಪ್ ಮಾಡಿದ ಮೇಲೆ.

ಅಜ್ಜ ಹುಡುಗನನ್ನು ಟೀ ಅಂಗಡಿಗೆ ಕರೆದ. ಅವನು ಬರಲಿಲ್ಲ. ಚೆಲ್ಲಿದ ಈರುಳ್ಳಿ ಅರ್ಧ ಆರಿಸಿಕೊಂಡು, ಅರ್ಧ ಬಿಟ್ಟು, ಹಿಂದೆ ನೋಡದೆ ಹೋದ. ನಾನು ಟೈಪ್ ಮಾಡಿದ್ದನ್ನು ಅಳಿಸಿದೆ. ಅಷ್ಟರಲ್ಲಿ ನಮ್ಮ ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಅವನ ಫೋಟೊ ಬಂದಾಗಿತ್ತು, ಕೆಳಗೆ “ಕುರಿ ಕಳ್ಳ” ಅಂತ. ನಡೆದದ್ದು ಇದು ಅಂತ ನಾನು ಬರೆದೆ. ಮೂರು ಜನ ಹೆಬ್ಬೆರಳು ಹಾಕಿದರು. ಫೋಟೊ ಮಾತ್ರ ಅಷ್ಟರಲ್ಲಿ ಬೇರೆ ಗುಂಪುಗಳಿಗೆ ಹೋಗಿತ್ತು.

ಅಂದಿನಿಂದ ಒಂದು ರೂಢಿ ಮಾಡಿಕೊಂಡಿದ್ದೇನೆ. ಯಾರಾದರೂ ಕೂಗಿದರು ಅಂತ ಬರೆಯುವ ಮೊದಲು ಮೂರು ವಿಷಯ ನೋಟ್‌ಬುಕ್ಕಿನಲ್ಲಿ ಗುರುತು ಹಾಕುತ್ತೇನೆ: ಕೂಗಿದ್ದು ಯಾರು, ಯಾರಿಗೆ, ಯಾವ ಭಾಷೆಯಲ್ಲಿ. ಈಗ ನಮ್ಮ ಊರುಗಳ ಗದ್ದೆ, ಮಿಲ್ಲು, ಕಟ್ಟಡಗಳಲ್ಲಿ ಹಿಂದಿ, ಬಂಗಾಳಿ ಆಡುವ ಹುಡುಗರು ದುಡಿಯುತ್ತಿದ್ದಾರೆ. ನಮ್ಮ ಹುಡುಗರೂ ಪುಣೆ, ಮುಂಬೈಗೆ ದುಡಿಯಲು ಹೋಗಿದ್ದಾರೆ. ಅಲ್ಲಿನ ಯಾವುದೋ ಸಂತೆಯಲ್ಲಿ ನಮ್ಮವನೊಬ್ಬ ಕನ್ನಡದಲ್ಲಿ “ಮಾರೋ” ಅಂದರೆ, ಹೊಡೆಯುವ ಮೊದಲು ಯಾರಾದರೂ ಒಬ್ಬರು ಅವನನ್ನು ಏನಂದೆ ಅಂತ ಕೇಳಲಿ.