ಅತ್ತಿಯವರ ಹಾಡಿನ ಫೋನು

ಹಾಡು ಕೇಳ್ಲಿಕ್ಕೆ ಬರೋ ಫೋನು ಯಾವುದು ತೊಗೋಬೇಕು ಅಂತ ಈ ಶ್ರಾವಣದಾಗ ನನಗ ನಾಲ್ಕು ಮಂದಿ ಕೇಳ್ಯಾರ. ಯಾರೂ ತಮ್ಮ ಸಲುವಾಗಿ ಕೇಳಿಲ್ಲ, ಎಲ್ಲಾರೂ ಮನ್ಯಾಗಿನ ಹಿರೇರ ಸಲುವಾಗಿನ ಕೇಳಿದ್ದು. ಒಬ್ಬೊಬ್ಬರಿಗೆ ಬ್ಯಾರೆ ಬ್ಯಾರೆ ಹೇಳೋದಕ್ಕಿಂತ ಒಮ್ಮೆ ಬರದುಬಿಡ್ತೀನಿ, ಕಾಕು, ಮಾವಶಿ, ವೈನಿ ಎಲ್ಲಾರೂ ಓದ್ಕೋರಿ. ಅಂಗಡಿಯವರ ಲೆಕ್ಕ ಕ್ಯಾಮೆರಾ ಎಷ್ಟು, ಸ್ಕ್ರೀನ್ ಎಷ್ಟು ಅನ್ನೋದು. ನಮ್ಮ ಅಡಗಿಮನಿ ಲೆಕ್ಕನ ಬ್ಯಾರೆ ಅದ.

ಮೊದಲು ನಮ್ಮನಿ ಸಂಗತಿ ಹೇಳ್ಬೇಕು, ಇಲ್ಲಂದ್ರ ಆ ಲೆಕ್ಕ ತಿಳ್ಯೂದಿಲ್ಲ. ನಮ್ಮ ಮಾವನವರು ಇರೋತನಕ ಮನ್ಯಾಗ ಹಾಡು ಹಚ್ಚೋ ಕೆಲಸ ಅವರದು. ಮುಂಜಾನೆ ರೇಡಿಯೋ, ಮಧ್ಯಾಹ್ನ ಚಹಾದ ಹೊತ್ತಿಗೆ ಟೇಪು. ಅವರು ಹಚ್ಚೋರು, ಅತ್ತಿಯವರು ಕೇಳೋರು. ನಾ ಈ ಮನಿಗೆ ಬಂದ ಮ್ಯಾಲೆ ಅತ್ತಿಯವರು ಆ ಟೇಪಿನ ಗುಂಡಿ ಒತ್ತಿದ್ದು ಒಮ್ಮೆನೂ ನೋಡಿಲ್ಲ. ಮಾವನವರು ಹೋದ ಮ್ಯಾಲೆ ಅಡಗಿಮನ್ಯಾಗ ಕುಕ್ಕರ್ ಸೀಟಿ ಬಿಟ್ರ ಬ್ಯಾರೆ ದನಿ ಇಲ್ಲಾಯ್ತು. ಮೊದಮೊದಲು ಮೊಮ್ಮಕ್ಕಳಿಗೆ "ಒಂದು ಹಾಡು ಹಚ್ಚೋ ಪುಟ್ಟಾ" ಅಂತಿದ್ರು. ಹುಡುಗುರು ತಮ್ಮ ಫೋನಿನೊಳಗ ಹಚ್ಚಿ ಕೊಡ್ತಿದ್ವು, ಐದು ಮಿನಿಟಿಗೆ ಯಾರೋ ಗೆಳ್ಯಾನ ಮೆಸೇಜ್ ಬಂತು ಅಂತ ಇಸ್ಕೊಂಡು ಓಡ್ತಿದ್ವು. ಹಿಂಗ ಆಗಿ ಆಗಿ ಅತ್ತಿಯವರು ಕೇಳೋದನ್ನ ಬಿಟ್ಟುಬಿಟ್ರು. "ಯಾಕ ಅತ್ಯಾ, ಹಾಡು ಬ್ಯಾಡೇನು?" ಅಂತ ನಾ ಅಂದ್ರ, "ಇರ್ಲಿ ತೊಗೋ, ಅವಕ್ಕೂ ಅಭ್ಯಾಸ ಇರ್ತದ" ಅಂತಿದ್ರು. ಹಾಡು ಬ್ಯಾಡಾಗಿದ್ದಿಲ್ಲ ಅವರಿಗೆ. ದಿನಾ ಒಬ್ಬರ ಮುಂದ ನಿಂತು ಬೇಡೋದು ಬ್ಯಾಡಾಗಿತ್ತು.

ಅದಕ್ಕ ಫೋನ್ ನೋಡೂಮುಂದ ನಾ ಮನಸಿನ್ಯಾಗ ಒಂದ ಪ್ರಶ್ನೆ ಇಟ್ಕೊಂಡಿದ್ದೆ. ಇದನ್ನ ಅತ್ತಿಯವರು ಯಾರನ್ನೂ ಕೇಳದ, ಚಷ್ಮಾ ಇಲ್ಲದ, ಹಸಿ ಕೈಲೆ ಹಚ್ಚಿ ಬಂದ್ ಮಾಡ್ಲಿಕ್ಕೆ ಬರ್ತದೋ ಇಲ್ಲೋ?

ಟಚ್ ಫೋನು ಈ ಪರೀಕ್ಷಾದಾಗ ಮೊದಲನೇ ದಿನನ ನಪಾಸಾತು. ಮನ್ಯಾಗ ಹಳೇದೊಂದು ಇತ್ತು, ಅದನ್ನ ಕೊಟ್ಟು ನೋಡಿದ್ವಿ. ಕೈಗೆ ನೀರಿದ್ರ ಆ ಗಾಜಿಗೆ ಬೆರಳು ಎಲ್ಲೆ ಅದ ಅನ್ನೋದು ತಿಳ್ಯೂದಿಲ್ಲ, ವಯಸ್ಸಾದವರ ಬೆರಳು ಒಣಗಿದ್ರ ಒತ್ತಿದ್ದೂ ಗೊತ್ತಾಗೂದಿಲ್ಲ. ಕಣಕ ನಾದೂಮುಂದಂತೂ ಕೇಳೋದ ಬ್ಯಾಡ. ಮ್ಯಾಲೆ, ದಾಸರ ಪದದ ನಟ್ಟನಡುವ ಯಾವುದೋ ಜಾಹೀರಾತು ಬಂದು ಒದರ್ತದ. ಅತ್ತಿಯವರು ಕಣ್ಣು ಮುಚ್ಚಿ ಕೂತಿದ್ದೋರು ಬೆಚ್ಚಿ ಬಿದ್ದು "ಯಾರ ಬಂದ್ರು?" ಅಂತ ಬಾಗಿಲಾ ನೋಡಿದ್ರು.

ಹಂಗಾಗಿ ಗುಂಡಿ ಇರೋ ಫೋನ ಬೇಕು ಅಂತ ಆತು. ಫೋನಿನೊಳಗ ಹಾಡು ಅನ್ನೋದು ಏನ್ ಹೊಸಾದಲ್ಲ. 2005ರಾಗನ ಸೋನಿ ಎರಿಕ್ಸನ್‌ನವರು ಡಬ್ಲ್ಯೂ800 ಅಂತ ವಾಕ್‌ಮನ್ ಹೆಸರಿನ ಫೋನ್ ತಂದಿದ್ರು, ಬಿಳೀ ಕೇಸರಿ ಬಣ್ಣದ್ದು. ಜೋಡಿ 512 ಎಂಬಿ ಕಾರ್ಡು, ಆ ಕಾಲಕ್ಕ ಅದ ದೊಡ್ಡದು. ಎರಡು ವರ್ಷದ ಮ್ಯಾಲೆ ನೋಕಿಯಾದ 5310 ಎಕ್ಸ್‌ಪ್ರೆಸ್ ಮ್ಯೂಸಿಕ್ ಬಂತು. ನಮ್ಮ ಮೈದುನ ಹುಬ್ಬಳ್ಳಿ ಕಾಲೇಜಿಗೆ ಹೋಗೂಮುಂದ ಅದನ್ನ ಕಿವಿಗೆ ಹಚ್ಕೊಂಡ ಬಸ್ ಹತ್ತತಿದ್ದಾ, ಕರದ್ರ ಓ ಅಂತಿದ್ದಿಲ್ಲ. ಅದ ನಂಬರಿನ ಫೋನನ್ನ 2020ರಾಗ ಹೊಸಾದಾಗಿ ಮಾಡಿ ಮತ್ತ ಬಿಟ್ರು, ಬಂದಾಗ ಕಿಮ್ಮತ್ತು 3,399 ರೂಪಾಯಿ. ಮೈದುನನ ನೆನಪು ಮಾಡಿ ಹೇಳಿದಾ, ನಾವು ಅದನ್ನ ತೊಗೊಂಡ್ವಿ.

ಅದರ ಅರ್ಧಾ ಕಿಮ್ಮತ್ತಿನ ಕೀಪ್ಯಾಡ್ ಫೋನೂ ಹಾಡು ಹಾಡ್ತಾವ, ಸುಳ್ಳು ಹೇಳೂದಿಲ್ಲ. ಹೆಚ್ಚಿನ ರೊಕ್ಕ ಯಾತಕ್ಕ ಅಂದ್ರ ಬಾಜೂಕಿನ ಗುಂಡಿಗೆ. ಒಂದು ಬಾಜೂ ದನಿ ಏರಿಸೋ ಇಳಿಸೋ ಗುಂಡಿ, ಇನ್ನೊಂದು ಬಾಜೂ ಹಾಡು ಹಚ್ಚೋದು, ನಿಲ್ಲಿಸೋದು, ಮುಂದಿಂದು, ಹಿಂದಿಂದು. ಸಾದಾ ಫೋನಿನೊಳಗ ಮೆನು ತಗದು, ಅದರಾಗ ಮ್ಯೂಸಿಕ್ ಹುಡುಕಿ, ಹಿಂಗ ನಾಲ್ಕೈದು ಸಲ ಒತ್ತಬೇಕು. ಅಷ್ಟು ಸಲ ಒತ್ತೋದಕ್ಕ ಚಷ್ಮಾ ಬೇಕು, ಚಷ್ಮಾ ದೇವರ ಮನ್ಯಾಗ ಇರ್ತದ. ಬಾಜೂಕಿನ ಗುಂಡಿ ಹಂಗಲ್ಲ. ಅತ್ತಿಯವರು ಬಾಗಿಲದ ಚಿಲಕ ಕತ್ತಲದಾಗ ಹುಡುಕಿಧಂಗ ಹೆಬ್ಬೆಟ್ಟಿಲೆ ಸವರಿ ಹುಡುಕ್ತಾರ. ಎರಡು ದಿನದಾಗ ಕೈಗೆ ಹತ್ತಿಬಿಡ್ತು.

ಇನ್ನ ದನಿ. ಇದರ ಸ್ಪೀಕರ್ ಎರಡು, ಎರಡೂ ಮುಂದಿನ ಮಾರಿಗೆ ಅವ. ಅಂಗಡ್ಯಾಗ ಕೇಳಿದ್ರ ಎಲ್ಲಾ ಫೋನೂ ಛಲೋನ ಕೇಳ್ತಾವ. ಮನಿಗೆ ತಂದು, ಒಗ್ಗರಣಿ ಸಿಡಿಯೂಮುಂದ ಕೇಳ್ಬೇಕು. ಒಗ್ಗರಣಿ ತಡಕೊಂಡಿತು, ಕುಕ್ಕರ್ ತಡಕೊಂಡಿತು, ಮಿಕ್ಸರ್ ಮುಂದ ಮಾತ್ರ ಯಾವ ಫೋನಿನ ಆಟಾನೂ ನಡ್ಯೂದಿಲ್ಲ. ಆದ್ರ ಅತ್ತಿಯವರು ಕೇಳಿದ ಮೊದಲನೇ ಮಾತು ನನಗ ಹೊಳದ ಇದ್ದಿಲ್ಲ. ಭೀಮಸೇನ ಜೋಶಿಯವರ ಹಾಡು ಹಚ್ಚಿದ್ವಿ. ಎರಡು ಮಿನಿಟು ಕೇಳಿ, "ತಂಬೂರಿ ಎಲ್ಲೆ ಹೋತು?" ಅಂದ್ರು. ಖರೇನ ಅದ. ಅಷ್ಟು ಸಣ್ಣ ಸ್ಪೀಕರಿನ್ಯಾಗ ಕೆಳಗಿನ ದನಿ ಬರೋದೇ ಇಲ್ಲ, ತಂಬೂರಿ ಖರ್ಜ, ತಬಲಾದ ಡಗ್ಗಾ ಎಲ್ಲಾ ತೆಳ್ಳಗಾಗ್ತಾವ. ಸ್ಟೀಲಿನ ಡಬರಿಯೊಳಗ ಇಟ್ರ ದನಿ ದೊಡ್ಡದಾಗ್ತದ, ಆದ್ರ ಹಾಡೋರು ಬಾವ್ಯಾಗ ನಿಂತು ಹಾಡಿಧಂಗ. ಕಟಗಿ ಮಣಿ ಮ್ಯಾಲೆ, ಗ್ವಾಡಿ ಮೂಲಿಗೆ ಹಚ್ಚಿ ಇಟ್ರ ತಕ್ಕಮಟ್ಟಿಗೆ ಛಲೋ. ಇಯರ್‌ಫೋನ್ ಹಚ್ಚಿದ್ರ ತಂಬೂರಿ ತಿರುಗಿ ಬರ್ತದ, ಆದ್ರ ಹಾಲು ಉಕ್ಕಿದ್ದು ಕೇಳ್ಸೂದಿಲ್ಲ, ಬಾಗಿಲಾ ಬಡದಿದ್ದು ಕೇಳ್ಸೂದಿಲ್ಲ. ಅದಕ್ಕ ಅತ್ತಿಯವರು ಮಧ್ಯಾಹ್ನ ಮಲ್ಕೊಂಡಾಗ ಒಂದ ಕಿವಿಗೆ ಹಚ್ಕೋತಾರ.

ರೇಡಿಯೋದ ಮಾತು ಹೇಳ್ಲೇಬೇಕು, ಯಾಕಂದ್ರ ಭಾಳ ಮಂದಿಗೆ ಇದು ಗೊತ್ತಿಲ್ಲ. ಫೋನಿನೊಳಗ ರೇಡಿಯೋ ಅದ ಅಂತ ಡಬ್ಬಿ ಮ್ಯಾಲೆ ಬರದಿರ್ತದ. ಅದು ಎಫ್ಎಂ ಅಷ್ಟ. ನಮ್ಮ ಧಾರವಾಡ ಆಕಾಶವಾಣಿ, 1950ರಿಂದ ನಡಕೊಂಡ ಬಂದದ್ದು, ಮಾವನವರ ಮರ್ಫಿಯೊಳಗ ಕೇಳಿಸ್ತಿದ್ದದ್ದು ಮೀಡಿಯಂ ವೇವ್ 765ರ ಮ್ಯಾಲೆ. ಅದನ್ನ ಈ ಫೋನು ಹಿಡಿಯೂದಿಲ್ಲ, ಯಾವ ಕೀಪ್ಯಾಡ್ ಫೋನಿನ ಎಫ್ಎಂನೂ ಹಿಡಿಯೂದಿಲ್ಲ. ವಿವಿಧಭಾರತಿ ಬಂತು, ಸಿನೆಮಾ ಹಾಡು ಬಂತು. ಅತ್ತಿಯವರು ಸ್ವಲ್ಪ ಹೊತ್ತು ಕೇಳಿ "ಇದು ಧಾರವಾಡ ಅಲ್ಲ" ಅಂದ್ರು. ಹಳೇ ಮರ್ಫಿ ಎಂದೋ ಸತ್ತದ. ಅದಕ್ಕ ಒಂದು ಸಣ್ಣ ಟ್ರಾನ್ಸಿಸ್ಟರ್ ಬ್ಯಾರೆನ ತಂದಿಟ್ವಿ. ಒಂದ ಡಬ್ಬಿಯೊಳಗ ಎಲ್ಲಾ ಬರ್ತದ ಅಂತ ಯಾರರೆ ಹೇಳಿದ್ರ ನಂಬಬ್ಯಾಡ್ರಿ. ಇನ್ನೊಂದು ಮಾತು, ಭಾಳ ಕೀಪ್ಯಾಡ್ ಫೋನಿನ್ಯಾಗ ಇಯರ್‌ಫೋನ್ ವೈರು ಚುಚ್ಚಿದ್ರ ಮಾತ್ರ ಎಫ್ಎಂ ಬರ್ತದ, ಆ ವೈರ ಅದಕ್ಕ ಆಂಟೆನಾ. 5310ರಾಗ ವೈರ್ ಇಲ್ಲದನೂ ಬರ್ತದ. ಆದ್ರೂ ವೈರ್ ಹಚ್ಚಿದ್ರನ ಸ್ವಚ್ಛ.

ಹಾಡು ತುಂಬಿಸೋದು ಯಾರು ಅನ್ನೋದನ್ನ ಫೋನ್ ತೊಗೊಳ್ಳೋಕಿಂತ ಮೊದಲ ಠರಾವು ಮಾಡ್ಕೋರಿ. ಫೋನು ಖಾಲಿ ಬರ್ತದ, ಕಾರ್ಡು ಬ್ಯಾರೆ ಹಾಕ್ಬೇಕು. ಇದರಾಗ 32 ಜಿಬಿ ತನಕಾ ನಡೀತದ, ನಾವು ಹಾಕಿದ್ದು 8. ಸಾದಾ ಎಂಪಿತ್ರೀ ಹಾಡಿಗೆ ಮಿನಿಟಿಗೆ ಒಂದು ಎಂಬಿ ಅಂತ ಲೆಕ್ಕ ಹಿಡೀರಿ, 8 ಜಿಬಿಯೊಳಗ ನೂರು ತಾಸಿಗಿಂತ ಹೆಚ್ಚು ಹಾಡು ಕೂಡ್ತಾವ. ಗಂಗೂಬಾಯಿ ಹಾನಗಲ್ಲರು 1930ರ ದಶಕದಾಗ "ಗಾಂಧಾರಿ" ಅನ್ನೋ ಹೆಸರಲೆ ಕೊಟ್ಟ ತಟ್ಟಿಯೊಳಗ ಒಂದು ಮಗ್ಗಲಿಗೆ ಮೂರು ಮಿನಿಟೋ ಏನೋ ಹಿಡೀತಿತ್ತು. ಇಡೀ ರಾಗಾ ಮೂರು ಮಿನಿಟಿನ್ಯಾಗ ಮುಗಿಸಬೇಕಿತ್ತು ಅವರು! ಈಗ ಜಾಗಕ್ಕ ಕೊರತಿ ಇಲ್ಲ.

ನಮ್ಮಲ್ಲೆ ಕೊರತಿ ಆದದ್ದು ವ್ಯಾಳ್ಯಾದ್ದು. ಮಾವನವರ ಕ್ಯಾಸೆಟ್ಟು ನಲವತ್ತರ ಮ್ಯಾಲೆ ಇದ್ವು. ಕ್ಯಾಸೆಟ್ ಕಾಪಿ ಮಾಡೋದಂದ್ರ ಒಂದು ತಾಸಿಂದು ಒಂದು ತಾಸನ ಓಡ್ಬೇಕು. ಟೇಪಿನ ಹೆಡ್‌ಫೋನ್ ತೂತಿಂದ ಕಂಪ್ಯೂಟರಿಗೆ ಒಂದು ವೈರು ಹಾಕಿ, ದೀಪಾವಳಿ ಸೂಟಿಯೊಳಗ ನನ್ನ ಮಗಾ ಹನ್ನೊಂದು ಕ್ಯಾಸೆಟ್ ಮಾಡಿದಾ. ಅದರಾಗ ಒಂದು, ಮಾವನವರು ರೇಡಿಯೋ ಮುಂದ ಟೇಪ್ ಇಟ್ಟು ಹಿಡದದ್ದು, ಮಲ್ಲಿಕಾರ್ಜುನ ಮನ್ಸೂರರ ಗಾಯನ. ನಡುವ ಒಂದು ಕಡೆ ಕುಕ್ಕರ್ ಸೀಟಿ ಅದ, ಅದರ ಹಿಂದ ಮಾವನವರು ಎರಡು ಸಲ ಕೆಮ್ಮತಾರ, ಆಮ್ಯಾಲೆ "ಶ್" ಅಂತಾರ. ಆ "ಶ್" ಅತ್ತಿಯವರಿಗೆ ಅಂದದ್ದು. ಮಗಾ ಕಂಪ್ಯೂಟರಿನ್ಯಾಗ ಅದನ್ನ ಕೇಳಿ, "ಅಜ್ಜಿ, ಈ ಕೆಮ್ಮು, ಸೀಟಿ ಎಲ್ಲಾ ತಗದು ಸ್ವಚ್ಛ ಮಾಡ್ಲೇನು?" ಅಂದಾ. ಅತ್ತಿಯವರು ಹೆಚ್ಚೋ ಮೆಣಸಿನಕಾಯಿ ಬಿಟ್ಟು ಮ್ಯಾಲೆ ನೋಡಿ "ಕೈ ಹಚ್ಚೀದಿ!" ಅಂದ್ರು. ಅಷ್ಟು ಜೋರಲೆ ಮಾತಾಡಿದ್ದು ವರ್ಷದ ಮ್ಯಾಲೆ ಕೇಳಿದ್ದೆ ನಾನು.

ಹೆಸರಿನ ತ್ರಾಸಿಗೆ ನಾವು ಒಂದು ಉಪಾಯ ಮಾಡೇವಿ. ಹಾಡಿನ ಹೆಸರಿನ ಮುಂದ 01, 02 ಅಂತ ಅಂಕಿ ಹಾಕಿದ್ರ ಸಾಲಾಗಿ ನಿಲ್ತಾವ. ಯಾವ ಅಂಕಿಗೆ ಯಾವ ಹಾಡು ಅನ್ನೋದನ್ನ ಅತ್ತಿಯವರು ತಮ್ಮ ಕೈಲೆನ ಕನ್ನಡದಾಗ ದಪ್ಪಗೆ ಬರದು, ಮಸಾಲಿ ಕಪಾಟಿನ ಬಾಗಿಲಕ್ಕ ಒಳಮಗ್ಗಲಾ ಅಂಟಿಸ್ಯಾರ. ಮನ್ಸೂರರದು ಏಳು. ಅದರ ಮುಂದ ಮನ್ಸೂರ ಅಂತ ಬರದಿಲ್ಲ, "ಇವರದು" ಅಂತ ಬರದಾರ.

ಇಷ್ಟೆಲ್ಲಾ ಛಲೋದು ಹೇಳಿದೆ, ಈಗ ಬ್ಯಾಟ್ರಿ ಮಾತು. ಹಾಡಿಗೊಂದು ಫೋನಿಗೊಂದು ಬ್ಯಾರೆ ಬ್ಯಾರೆ ಬ್ಯಾಟ್ರಿ ಇರೂದಿಲ್ಲಲ್ಲ. ಒಂದು ಶನಿವಾರ ನಾವೆಲ್ಲಾ ಗದಗಕ್ಕ ಮದವಿಗೆ ಹೋಗಿದ್ವಿ, ಅತ್ತಿಯವರೊಬ್ಬರ ಮನ್ಯಾಗ. ಪುಣೆದಿಂದ ನಾದಿನಿ ಅವರಿಗೆ ಮೂರು ಸಲ ಫೋನ್ ಮಾಡ್ಯಾಳ, ಸ್ವಿಚ್ ಆಫ್. ನನಗ ಮಾಡಿದ್ಲು. ನಾ ಮಾಡಿದೆ, ಸ್ವಿಚ್ ಆಫ್. ಅತ್ತಿಯವರಿಗೆ ಬಿಪಿ ಅದ, ಒಬ್ಬರ ಇದ್ದಾರ, ಊಟದ ಎಲಿ ಮುಂದ ಕೂತಿದ್ದೆ, ತುತ್ತು ಗಂಟಲಾಗ ಇಳೀಲಿಲ್ಲ. ಬಾಜೂ ಮನಿ ಕಾಕುಗೆ ಫೋನ್ ಮಾಡಿ ನೋಡ್ರಿ ಅಂದೆ. ಅವರು ಹೋಗಿ ಬಾಗಿಲಾ ಬಡದು ಹತ್ತು ಮಿನಿಟಿಗೆ ತಿರುಗಿ ಫೋನ್ ಮಾಡೋದ್ರಾಗ ನಾನೂ ನಮ್ಮನಿಯವರೂ ಕಾರಿನ ಕಡೆ ಹೊಂಟಿದ್ವಿ. ಅತ್ತಿಯವರು ಹಿತ್ತಲ ಕಟ್ಟಿ ಮ್ಯಾಲೆ ಕೂತು ಅಕ್ಕಿ ಹಸನ ಮಾಡ್ಲಿಕ್ಕೆ ಹತ್ತಿದ್ರಂತ. "ಹಾಡು ತಾನ ನಿಂತ್ತು, ಮುಗೀತು ಅಂತ ತಿಳ್ಕೊಂಡೆ" ಅಂದ್ರಂತ.

ನಮ್ಮನಿಯವರು ಹಾಡಿಗೆ ಬ್ಯಾರೆ ಮಷೀನ್ ತರ್ತೀನಿ ಅಂತ ಹಟಾ ಹಿಡದ್ರು. ಅವರದೂ ತಪ್ಪಲ್ಲ. ಆದ್ರ ಎರಡು ಡಬ್ಬಿ ಆದ್ರ ಒಂದು ಮನ್ಯಾಗ ಉಳೀತದ, ಉಳಿಯೋದು ಯಾವಾಗ್ಲೂ ಫೋನ. ಹಾಡು ಅದರಾಗ ಅದ ಅಂತನ ಅತ್ತಿಯವರು ಹಿತ್ತಲಕ್ಕ, ಗುಡಿಗೆ, ಅಂಗಳಕ್ಕ ಫೋನ್ ಒಯ್ಯೋದು. ಮೊದಲು ಬರೇ ಫೋನ್ ಇದ್ದಾಗ ಅದು ದಿನಾಪೂರ್ತಿ ಟಿವಿ ಮ್ಯಾಲೆ ಕೂಡ್ತಿತ್ತು, ಹೊಡದ್ರೂ ಕೇಳ್ಸ್ತಿದ್ದಿಲ್ಲ. ಅದಕ್ಕ ನಾ ಎರಡೂ ಒಂದರಾಗ ಇರ್ಲಿ ಅಂತನ ಹೇಳೋಕಿ. ಸಂಜಿಗೆ ದೇವರಿಗೆ ದೀಪಾ ಹಚ್ಚೋದು, ಫೋನು ಚಾರ್ಜಿಗೆ ಹಚ್ಚೋದು ಎರಡೂ ಒಂದ ಹೊತ್ತಿಗೆ ಅಂತ ಪದ್ಧತಿ ಮಾಡೇವಿ. ದೀಪಾ ಅವರು ಎಂದೂ ಮರ್ಯೂದಿಲ್ಲ. ಅಂದಿನಿಂದ ಸ್ವಿಚ್ ಆಫ್ ಆಗಿಲ್ಲ. ಹಳೇ ಖಣದ ಕುಬಸದ್ದು ಒಂದು ಸಂಚಿ ಹೊಲಕೊಂಡಾರ, ದನಿ ಹೊರಗ ಬರ್ಲಿ ಅಂತ ಮುಂದಿನ ಬಾಜೂ ಜಾಳಗಿ ಬಟ್ಟಿ ಹಚ್ಚ್ಯಾರ. ಅದನ್ನ ಸೊಂಟಕ್ಕ ಸಿಗಿಸ್ಕೊಂಡು ಅಡ್ಡಾಡತಾರ. ಮಂದಿ ಎಲಿಅಡಕಿ ಸಂಚಿ ಅಂತ ತಿಳ್ಕೋತಾರ, ಒಳಗಿಂದ ಭೀಮಸೇನ ಜೋಶಿ ಹಾಡ್ತಿರ್ತಾರ.

ಕಡೀಕೆ ಸಿಮ್ಮಿನ ಮಾತು, ಇದನ್ನ ನೋಡದ ರೊಕ್ಕಾ ಕೊಡಬ್ಯಾಡ್ರಿ. 5310 ಅನ್ನೋದು 2ಜಿ ಫೋನು. ಜಿಯೋದಾಗ 2ಜಿ ಇಲ್ಲ, ಅದರ ಸಿಮ್ಮು ಇದರಾಗ ನಡ್ಯೂದಿಲ್ಲ. ನಮ್ಮತ್ತಿಯವರದು ಮೊದಲಿಂದ ಏರ್‌ಟೆಲ್, ಅದಕ್ಕ ನಡೀತು. ನಿಮ್ಮನಿ ಹಿರೇರ ನಂಬರು ಜಿಯೋ ಇದ್ರ 4ಜಿ ಬರೋ ಕೀಪ್ಯಾಡ್ ಫೋನ್ ಕೇಳ್ರಿ, ಅದರಾಗ ಬಾಜೂಕ ಹಾಡಿನ ಗುಂಡಿ ಅದನೋ ಇಲ್ಲೋ ಕೈಯಾಗ ಹಿಡದ ನೋಡ್ರಿ. ಹಾಡು ಹಚ್ಚಿ, ಅಲ್ಲೇ ನಿಂತು ನಿಮ್ಮ ಫೋನಿಂದ ಅದಕ್ಕ ಒಂದು ಕಾಲ್ ಮಾಡಿ, ಮಾತು ಮುಗದ ಮ್ಯಾಲೆ ಹಾಡು ತಾನ ಮುಂದುವರೀತದೋ ಇಲ್ಲೋ ಅದನ್ನೂ ನೋಡ್ರಿ. ಅಂಗಡಿಗೆ ನೀವೊಬ್ಬರ ಹೋಗಬ್ಯಾಡ್ರಿ, ಅವರನ್ನೂ ಕರ್ಕೊಂಡು ಹೋಗ್ರಿ. ಹೊಂಡೂಮುಂದ ಅವರ ಚಷ್ಮಾ ಮನ್ಯಾಗ ಇಡಿಸ್ರಿ.