ಎರಡೋ, ನಾಲ್ಕೋ?

ನಮ್ಮ ಮನೆಯಲ್ಲಿ ಸಿಲಿಂಡರ್ ಎಂದರೆ ಅಡಿಗೆಮನೆಯ ಮೂಲೆಯಲ್ಲಿ ಕೆಂಪಗೆ ನಿಂತಿರುವ ವಸ್ತು ಒಂದೇ. ಆದ್ದರಿಂದ ಕಳೆದ ವರ್ಷ ಒಂದು ಬೆಳಿಗ್ಗೆ ಕಾಫಿಯ ಲೋಟ ಹಿಡಿದು ಕುಳಿತ ನಾನು, "ಎರಡು ಸಿಲಿಂಡರಿನದೋ, ನಾಲ್ಕು ಸಿಲಿಂಡರಿನದೋ, ಯಾವುದನ್ನು ಕೊಳ್ಳಲಿ?" ಎಂದು ಗಟ್ಟಿಯಾಗಿ ಚಿಂತಿಸಿದಾಗ ನನ್ನ ಹೆಂಡತಿ, "ಇರುವ ಇಬ್ಬರಿಗೆ ಒಂದೇ ಎರಡು ತಿಂಗಳು ಬರುತ್ತೆ. ನಾಲ್ಕು ಯಾಕ್ರೀ?" ಎಂದಳು. ನಾನು ಹೇಳುತ್ತಿರುವುದು ಮೋಟಾರ್ ಸೈಕಲ್ಲಿನ ವಿಷಯವೆಂದು ತಿಳಿದ ಮೇಲೆ ಅವಳ ಮುಖ ಇನ್ನಷ್ಟು ಗಂಭೀರವಾಯಿತು. ಅದಕ್ಕೆ ಕಾರಣವೂ ಇತ್ತು. ನನಗಾಗಲೇ 58 ತುಂಬಿತ್ತು. ಬಲಗೈಯ ಮಣಿಕಟ್ಟಿನಲ್ಲಿ ನರ ಒತ್ತಿ ಬೆರಳುಗಳು ಜೋಮು ಹಿಡಿಯುತ್ತಿದ್ದುದಕ್ಕೆ ಸಣ್ಣದೊಂದು ಶಸ್ತ್ರಚಿಕಿತ್ಸೆಯಾಗಿ ವರ್ಷವೂ ಕಳೆದಿರಲಿಲ್ಲ. "ಗಾಡಿ ಬಿಡಬೇಡಿ ಎನ್ನುವುದಿಲ್ಲ, ಕೈಗೆ ನಡುಕ ತಾಗದಂತೆ ನೋಡಿಕೊಳ್ಳಿ" ಎಂದಿದ್ದರು ವೈದ್ಯರು.

ಆದರೆ ಈ ವಯಸ್ಸಿನಲ್ಲಿ ನನಗೆ ಈ ಯೋಚನೆ ಹುಟ್ಟಿಸಿದವಳು ಅವಳೇ. ಅವಳ ತವರು ಹೆಬ್ರಿ. ಅಲ್ಲಿ ಎಂಬತ್ತು ದಾಟಿದ ನಮ್ಮ ಅತ್ತೆಯವರು ಒಬ್ಬರೇ ಇದ್ದಾರೆ. ನಾವಿರುವ ಶಿವಮೊಗ್ಗದಿಂದ ತೀರ್ಥಹಳ್ಳಿ, ಆಗುಂಬೆಯ ಮೇಲೆ ಹೋದರೆ ಸುಮಾರು 120 ಕಿಲೋಮೀಟರ್. ದಾರಿ ದೂರವಲ್ಲ, ದೂರವಿರುವುದು ಆಗುಂಬೆ ಘಾಟಿಯ 14 ತಿರುವುಗಳು. ಬಸ್ಸು ಆಗುಂಬೆ ಪೇಟೆಯನ್ನು ಬಿಡುವುದಕ್ಕೆ ಮೊದಲೇ ಈಕೆ ಕೈಚೀಲದಿಂದ ನಿಂಬೆಹಣ್ಣು ತೆಗೆದು ಮೂಸಲು ಆರಂಭಿಸುತ್ತಾಳೆ. ನಾಲ್ಕನೆಯ ತಿರುವಿಗೆ ನಿಂಬೆಹಣ್ಣಿನ ಪ್ರಭಾವ ಮುಗಿಯುತ್ತದೆ. ಕಾರಿನಲ್ಲೂ ಅದೇ ಕಥೆ. ಮುಖಕ್ಕೆ ಗಾಳಿ ಬಡಿಯುವ ಬೈಕಿನ ಹಿಂಬದಿಯಲ್ಲಿ ಮಾತ್ರ ಅವಳಿಗೆ ಏನೂ ಆಗುವುದಿಲ್ಲ. ತಾಯಿಯನ್ನು ತಿಂಗಳಿಗೊಮ್ಮೆ ನೋಡಬೇಕು, ನೋಡಲು ಹೋದವಳು ಅರ್ಧ ದಿನ ಮಲಗಬಾರದು: ಇಷ್ಟು ನನ್ನ ಲೆಕ್ಕ.

ಇಂಥ ಸಮಯಕ್ಕೆ ಬೆಂಗಳೂರಿನಲ್ಲಿದ್ದ ನನ್ನ ಭಾಮೈದನಿಗೆ ಕೆನಡಾದಲ್ಲಿ ಕೆಲಸವಾಯಿತು. ಅವನ ಹತ್ತಿರ ಹೋಂಡಾ ಸಿಬಿ 650 ಆರ್ ಇತ್ತು. ಸಾಲಾಗಿ ನಾಲ್ಕು ಸಿಲಿಂಡರು, ಮುಂಭಾಗದಲ್ಲಿ ನಾಲ್ಕು ಕೊಳವೆಗಳು ಒಂದೇ ಕಡೆ ವಾಲಿ ಇಳಿಯುವ ಅಂದದ ಗಾಡಿ. "ಹೊರಗಿನವರಿಗೆ ಕೊಡೋಕೆ ಮನಸ್ಸಿಲ್ಲ ಭಾವ. ನೀವು ಎಷ್ಟು ಕೊಟ್ರೂ ಸರಿ" ಎಂದ. ಕೊಳ್ಳುವವನಿಗೆ ಇದಕ್ಕಿಂತ ಸಂಕಟದ ಬೆಲೆ ಇನ್ನೊಂದಿಲ್ಲ. ಈ ಕಡೆ ನನ್ನ ಮನಸ್ಸು ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ ಎಂಬ ಎರಡು ಸಿಲಿಂಡರಿನ ಗಾಡಿಯ ಮೇಲೆ ಕುಳಿತಿತ್ತು.

ಈ ಎರಡರ ಮೋಹ ನನಗೆ ಹುಡುಗತನದ್ದು. ನಮ್ಮ ತಂದೆಯವರಿಗೆ ಮೈಸೂರಿನಲ್ಲಿ ತಯಾರಾದ ಒಂದು ಯೆಜ್ಡಿ 250 ಇತ್ತು. ಅದಕ್ಕೆ ಎಡಕ್ಕೊಂದು ಬಲಕ್ಕೊಂದು ಸೈಲೆನ್ಸರು. ಹೊಗೆ ಹೋಗಲು ಎರಡು ಕೊಳವೆಯಿದ್ದ ಮೇಲೆ ಸಿಲಿಂಡರೂ ಎರಡಿರಲೇಬೇಕೆಂದು ಶಾಲೆಯಲ್ಲಿ ವಾದಿಸಿ, ಪಂಥ ಕಟ್ಟಿ, ಸೋತು, ಹನ್ನೆರಡು ಗೋಲಿ ಕಳೆದುಕೊಂಡೆ. ಸಿಲಿಂಡರು ಒಂದೇ, ಹೊಗೆಗೆ ಮಾತ್ರ ಎರಡು ದಾರಿ! ತಂದೆಯವರಿಗೆ ಅದು ಗೊತ್ತಿತ್ತು. ಮಗನ ಹೆಮ್ಮೆ ಮುರಿಯುವುದೇಕೆಂದು ಸುಮ್ಮನಿದ್ದರಂತೆ. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆ ಗೋಲಿಗಳ ಲೆಕ್ಕ ನನ್ನಲ್ಲಿ ಇನ್ನೂ ಮುಚ್ಚಿಲ್ಲ.

ಎರಡು, ನಾಲ್ಕು ಎಂದರೆ ಬರಿಯ ಸಂಖ್ಯೆಯಲ್ಲ. ಎರಡು ಗಾಡಿಗಳ ಎಂಜಿನ್ನಿನ ಗಾತ್ರ ಹೆಚ್ಚುಕಡಿಮೆ ಒಂದೇ. ಒಂದು 648 ಸಿ.ಸಿ., ಇನ್ನೊಂದು 649. ಒಂದೇ ಅಳತೆಯ ಅಕ್ಕಿಯನ್ನು ಇಬ್ಬರು ಕುಟ್ಟುವುದಕ್ಕೂ ನಾಲ್ವರು ಕುಟ್ಟುವುದಕ್ಕೂ ಇರುವ ಭೇದ ಇದು. ನಾಲ್ವರದು ಸಣ್ಣ ಒನಕೆ, ಬೇಗ ಎತ್ತಿ ಬೇಗ ಇಳಿಸಬಲ್ಲರು. ಅದಕ್ಕೇ ಹೋಂಡಾದ ಪೂರ್ಣ ಶಕ್ತಿ ಬರುವುದು ನಿಮಿಷಕ್ಕೆ 12,000 ಸುತ್ತಿನಲ್ಲಿ, ಅದೂ ಇಂಟರ್‌ಸೆಪ್ಟರಿನ 47 ಅಶ್ವಶಕ್ತಿಯ ಸುಮಾರು ಎರಡರಷ್ಟು. ಇಬ್ಬರದು ದೊಡ್ಡ ಒನಕೆ. ಏಳು ಸಾವಿರ ಸುತ್ತು ದಾಟುತ್ತಲೇ ಅವರ ಉಸಿರು ಮುಗಿಯುತ್ತದೆ, ಆದರೆ ನಿಧಾನದಲ್ಲಿ ಬೀಳುವ ಪೆಟ್ಟು ಗಟ್ಟಿ.

ನನ್ನ ಕೈಯ ಪ್ರಶ್ನೆಗೆ ಉತ್ತರ ಇನ್ನೂ ಒಳಗಿತ್ತು. ನಾಲ್ಕರಲ್ಲಿ ಎರಡು ಪಿಸ್ಟನ್ ಏರುವಾಗ ಎರಡು ಇಳಿಯುತ್ತವೆ. ಆದ್ದರಿಂದ ದೊಡ್ಡ ಕುಲುಕಾಟವೆಂಬುದೇ ಇಲ್ಲ. ಆದರೆ ಕನೆಕ್ಟಿಂಗ್ ರಾಡು ಓರೆಯಾಗುವುದರಿಂದ, ಮೇಲಿನಿಂದ ಹೊರಟ ಪಿಸ್ಟನ್ ಕೆಳಗಿನಿಂದ ಹೊರಟದ್ದಕ್ಕಿಂತ ತುಸು ಬಿರುಸಾಗಿ ಓಡುತ್ತದೆ. ಸರಿತೂಗದೆ ಉಳಿದ ಆ ತುಸುವೇ ಸುತ್ತಿಗೆರಡು ಬಾರಿಯಂತೆ ಸಣ್ಣ ಗುಂಯ್‌ಗುಡುವಿಕೆಯಾಗಿ ಹ್ಯಾಂಡಲಿಗೆ ಬರುತ್ತದೆ. ಇಂಟರ್‌ಸೆಪ್ಟರಿನ ಎರಡು ಪಿಸ್ಟನ್ನುಗಳನ್ನು 270 ಡಿಗ್ರಿಯ ಅಂತರದಲ್ಲಿ ಜೋಡಿಸಿರುವುದರಿಂದ ಆ ಗುಂಯ್‌ಗುಡುವಿಕೆ ಪರಸ್ಪರ ಕಳೆದುಹೋಗುತ್ತದೆ. ಉಳಿದ ದೊಡ್ಡ ಕುಲುಕನ್ನು ಬ್ಯಾಲೆನ್ಸರ್ ಶಾಫ್ಟು ಬಹುಮಟ್ಟಿಗೆ ನುಂಗುತ್ತದೆ. ಇದನ್ನೆಲ್ಲ ಓದಿ ತಿಳಿಯಲು ನನಗೆ ಹದಿನೈದು ದಿನ ಹಿಡಿಯಿತು. ಹೆಂಡತಿಗೆ ವಿವರಿಸಲು ಹೋದೆ. "ಕೂತು ನೋಡಿದರಾಯ್ತು" ಎಂದಳು.

ಕೂತು ನೋಡಿದೆವು. ಮೊದಲು ಭಾಮೈದನ ಗಾಡಿ. ಗಾಜನೂರು, ಸಕ್ರೆಬೈಲು ದಾಟುವವರೆಗೆ ನಾನು ಸ್ವರ್ಗದಲ್ಲಿದ್ದೆನೆಂದು ಒಪ್ಪಿಕೊಳ್ಳಬೇಕು. ಆರನೆಯ ಗೇರಿನಲ್ಲಿ ಹಸುವಿನ ಹಿಂದೆ ಹಸುವಿನಂತೆಯೇ ಹೋಗುತ್ತಿತ್ತು, ಒಂದು ಜಗ್ಗಿಲ್ಲ, ಗೊಣಗಿಲ್ಲ. ನಾಲ್ಕು ಸಿಲಿಂಡರು ಬರಿಯ ಓಟಗಾರರಿಗೆ ಎನ್ನುವವರು ಈ ಸೌಜನ್ಯವನ್ನು ಕಂಡಿಲ್ಲ. ಆದರೆ ಲಾರಿಯೊಂದನ್ನು ದಾಟಲು ಎರಡು ಗೇರು ಇಳಿಸಬೇಕಾಯಿತು. ಸೂಜಿ ಆರು ಸಾವಿರದ ಹತ್ತಿರ ಬಂದಾಗ ಜೇನುಹುಳ ಹಿಡಿಯೊಳಗೆ ಹೊಕ್ಕಂತಾಯಿತು. ಮಂಡಗದ್ದೆಯಲ್ಲಿ ಇಳಿದಾಗ ಕಿರುಬೆರಳು ಬಿಟ್ಟು ಉಳಿದವು ನನ್ನವಲ್ಲ. ಹಿಂದಿನ ಆಸನ ಊಟದ ಮಣೆಯಷ್ಟೂ ಅಗಲವಿಲ್ಲವೆಂದು ಈಕೆಯ ದೂರು ಬೇರೆ. ಇನ್ನು ಆ 12,000 ಸುತ್ತಿನ ಮಾತು: ಅದನ್ನು ಹಾಡಿಸಲು ರಸ್ತೆಯೆಲ್ಲಿದೆ? ಬೆಂಗಳೂರು–ಮೈಸೂರಿನ ಹೊಸ ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವೇ ಇಲ್ಲ. ಹುಲಿಯನ್ನು ಸಾಕಿ ಹಿತ್ತಿಲಲ್ಲಿ ಮೇಯಿಸಿದಂತೆ.

ಮುಂದಿನ ವಾರ ಮಿತ್ರರೊಬ್ಬರ ಮಗನ ಇಂಟರ್‌ಸೆಪ್ಟರ್ ಕೇಳಿ ಪಡೆದು ಆಗುಂಬೆಯವರೆಗೂ ಹೋದೆವು; ಘಾಟಿ ಇಳಿದು, ಸೋಮೇಶ್ವರದಲ್ಲಿ ಚಹಾ ಕುಡಿದು, ಮತ್ತೆ ಹತ್ತಿದೆವು. ತಿರುವಿನಲ್ಲಿ ಎರಡನೆಯ ಗೇರಿನಲ್ಲಿಟ್ಟರೆ ಸಾಕು, ಇಬ್ಬರನ್ನೂ ಮೆಟ್ಟಿಲೇರಿಸುವ ಹಾಗೆ ಏರಿಸಿತು. ಭಾರದ ಗಾಡಿ, ಪೇಟೆಯಲ್ಲಿ ಹಿಂದಕ್ಕೆ ತಳ್ಳುವಾಗ ಸೊಂಟ ದೇವರನ್ನು ನೆನೆಯಿತು. ಕೈ ಮಾತ್ರ ಕೈಯಾಗಿಯೇ ಇತ್ತು. ಸಂಗೀತ ಬಲ್ಲ ನನ್ನಾಕೆ ಹಿಂದಿನಿಂದ, "ಇದು ಕುಂಟುತ್ತಲ್ರೀ, ಮೂರೂ ಐದೂ ಅಂತ ಬಡೀತಿದೆ" ಎಂದಳು. ನಾನು ಬೆರಗಾದೆ. 270 ಡಿಗ್ರಿಯ ಎಂಜಿನ್ನಿನಲ್ಲಿ ಒಂದು ಸಿಡಿತದಿಂದ ಮುಂದಿನದಕ್ಕೆ 270, ಅಲ್ಲಿಂದ ಮುಂದಕ್ಕೆ 450 ಡಿಗ್ರಿ. ಸರಿಯಾಗಿ ಮೂರಕ್ಕೆ ಐದು. ಹದಿನೈದು ದಿನದ ನನ್ನ ವ್ಯಾಸಂಗವನ್ನು ಅವಳು ಕಿವಿಯಲ್ಲೇ ಮುಗಿಸಿದ್ದಳು.

ಅಲ್ಲಿಗೆ ತೀರ್ಮಾನವಾಗಬೇಕಿತ್ತು. ಆಗಲಿಲ್ಲ. ಆ ರಾತ್ರಿ ಊಟವಾದ ಮೇಲೆ ಅವಳೆಂದಳು: "ಅವನು ಗಾಡಿ ಮಾರ್ತಾ ಇಲ್ಲ ಕಣ್ರೀ. ಅಮ್ಮನ್ನ ಬಿಟ್ಟು ಹೋಗ್ತಾ ಇದೀನಲ್ಲ ಅಂತ ಒದ್ದಾಡ್ತಿದಾನೆ. ತಾನಿಲ್ಲದಿದ್ರೂ ತನ್ನ ಗಾಡಿಯಾದರೂ ಹೆಬ್ರಿಗೆ ಹೋಗ್ಲಿ ಅಂತ." ನಾನು ಸಿಲಿಂಡರುಗಳನ್ನು ಎಣಿಸುತ್ತ ಕುಳಿತು ಇದನ್ನು ಕಂಡಿರಲಿಲ್ಲ. ಆಮೇಲೆ ಎರಡು ವಾರ ಅವನ ಫೋನು ಬಂದಾಗಲೆಲ್ಲ ಹವೆಯ ವಿಷಯ ಮಾತಾಡಿದೆ. ಕೊನೆಗೆ ಒಂದು ದಿನ ಕೈಯ ಸಂಗತಿಯನ್ನೇ ಮುಂದಿಟ್ಟು ಹೇಳಿಬಿಟ್ಟೆ. "ಪರವಾಗಿಲ್ಲ ಭಾವ" ಎಂದ. ಆ ಧ್ವನಿಯಲ್ಲಿ ಪರವಾಗಿಲ್ಲದ್ದೇನೂ ಇರಲಿಲ್ಲ. ಗಾಡಿಯನ್ನು ಬೆಂಗಳೂರಿನ ಯಾರೋ ತರುಣ ಕೊಂಡುಕೊಂಡ.

ನಾವು ಹೊಸ ಇಂಟರ್‌ಸೆಪ್ಟರಿನಲ್ಲಿ ಮೊದಲ ಬಾರಿ ಹೆಬ್ರಿಗೆ ಹೋದದ್ದು ಅವನು ಹೊರಟುಹೋದ ಮೂರನೆಯ ವಾರ. ನನ್ನಾಕೆ ನಿಂಬೆಹಣ್ಣು ತಂದಿದ್ದಳು. ಅತ್ತೆಯವರು ಅದರಿಂದ ಪಾನಕ ಮಾಡಿದರು. ಸಂಜೆ ಅವನ ಫೋನು ಬಂತು. ನನ್ನನ್ನೇ ಕೇಳಿದ.

"ಶಬ್ದ ಹೇಗಿದೆ ಭಾವ? ಒಂದ್ಸಲ ಕೇಳಿಸಿ."

ಅಂಗಳಕ್ಕೆ ಹೋಗಿ ಗಾಡಿ ಚಾಲು ಮಾಡಿ ಫೋನನ್ನು ಸೈಲೆನ್ಸರಿನ ಹತ್ತಿರ ಹಿಡಿದೆ. ಅತ್ತೆಯವರು ಜಗಲಿಯ ಕಂಬ ಹಿಡಿದು, ಅಳಿಯನಿಗೆ ಏನಾಯಿತೆಂದು ನೋಡುತ್ತಿದ್ದರು. ಒಂದು ನಿಮಿಷವಾಗಿರಬಹುದು. ಆಫ್ ಮಾಡಿ ಫೋನು ಕಿವಿಗಿಟ್ಟಾಗ, "ಚೆನ್ನಾಗಿದೆ" ಎಂದ. ಸ್ವಲ್ಪ ತಡೆದು, "ಅಮ್ಮಂಗೆ ಕೊಡಿ" ಎಂದ.