ಗೊಟ್ಟಿಗೆರೆಗೆ ಬಂದ ಗಿರಿಯ ಹಣ್ಣು

ಊರು ಬಿಟ್ಟು ಬಂದವರು ಊರನ್ನು ನೆನೆಯುವ ಬಗೆ ಒಬ್ಬೊಬ್ಬರದು ಒಂದೊಂದು. ಕೆಲವರಿಗೆ ಜಾತ್ರೆ, ಕೆಲವರಿಗೆ ಹೊಳೆ, ಮತ್ತೆ ಕೆಲವರಿಗೆ ಬಚ್ಚಲ ಒಲೆಯ ಹೊಗೆ. ನನ್ನ ತಾಯಿಗೆ ಮಾತ್ರ ಒಂದು ಮುಳ್ಳುಗಿಡ. ತಂದೆಯವರು ತೀರಿಕೊಂಡ ಮೇಲೆ ಚಿಕ್ಕಮಗಳೂರಿನ ಗಿರಿಸೀಮೆಯ ಮನೆಗೆ ಬೀಗ ಹಾಕಿ, ಗೊಟ್ಟಿಗೆರೆಯ ನಮ್ಮ ಮನೆಗೆ ಬಂದ ಅಮ್ಮ, ಬಿಟ್ಟು ಬಂದ ಮನೆಯ ವಿಷಯವಾಗಿ ಒಂದು ಮಾತನ್ನೂ ಆಡಲಿಲ್ಲ. ಕೊಟ್ಟದ್ದನ್ನು ಉಣ್ಣುವರು, ಕೇಳಿದ್ದಕ್ಕೆ ಉತ್ತರಿಸುವರು, ಉಳಿದಂತೆ ಅತಿಥಿಯ ಹಾಗೆ ಇರುವರು. ಮೇ ತಿಂಗಳ ಒಂದು ಸಂಜೆ ಕೈಯಲ್ಲಿದ್ದ ಕಾಫಿ ಲೋಟವನ್ನು ಕೆಳಗಿಟ್ಟು, “ಈಗ ಅಲ್ಲಿ ಮುಳ್ಳುಹಣ್ಣು ಕಪ್ಪಾಗಿರುತ್ತದೆ” ಎಂದರು. ಅಷ್ಟೇ.

ಗೊಟ್ಟಿಗೆರೆಯಲ್ಲಿ ಮುಳ್ಳಿಗೆ ಬಡತನವೆಂದು ವಾಚಕರು ತಿಳಿಯಬಾರದು. ಜಯನಗರದ ಕಡೆಯಿಂದ ಬನ್ನೇರುಘಟ್ಟ ರಸ್ತೆ ಹಿಡಿದು, ಬಿಳೇಕಹಳ್ಳಿ, ಅರೆಕೆರೆ, ಹುಳಿಮಾವುಗಳನ್ನು ದಾಟಿದರೆ ನಮ್ಮೂರು. ಊರಿಗೆ ಹೆಸರು ಹಂಚಿಕೊಂಡ ಕೆರೆ ಇನ್ನೂ ಇದೆ. ಅದರ ಸುತ್ತಲ ಹೊಲಗಳು ಮನೆಗಳಾಗಿವೆ. ರಸ್ತೆಯ ನೆತ್ತಿಯ ಮೇಲೆ ಮೆಟ್ರೊ ಮಾರ್ಗದ ಕಂಬಗಳು ಎದ್ದಿವೆ. ಇನ್ನೂ ಕೆಲವು ಮೈಲಿ ಮುಂದೆ ಹೋದರೆ, 1974ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಬನ್ನೇರುಘಟ್ಟದ ಕಾಡು. ಆ ಕಡೆಯ ಕುರುಚಲಿನಲ್ಲಿ ಕಾರೆ, ಕವಳಿ, ಎಲಚಿ ಎಲ್ಲವೂ ಉಂಟು. ಅವೆಲ್ಲವನ್ನೂ ಮೀರಿಸಿ ಹಬ್ಬಿರುವುದು ಲಂಟಾನ. ಅಮ್ಮ ಕೆರೆಯ ಏರಿಯ ಕಡೆ ಅಡ್ಡಾಡುವಾಗ ಒಂದೊಂದು ಪೊದೆಯನ್ನೂ ಬಗ್ಗಿ ನೋಡಿ, “ಇದಲ್ಲ” ಎಂದು ಮುಂದೆ ಸಾಗುವರು. ಕೊನೆಗೆ ನನ್ನಾಕೆಯೇ, “ಅತ್ತೆಯವರನ್ನು ಒಮ್ಮೆ ಕರೆದುಕೊಂಡು ಹೋಗಿ ಬರೋಣ” ಎಂದಳು.

ಶನಿವಾರ ನಸುಕಿನಲ್ಲಿ ಬುತ್ತಿ ಕಟ್ಟಿಕೊಂಡು ಹೊರಟೆವು. ನೈಸ್ ರಸ್ತೆಯಿಂದ ತುಮಕೂರು ರಸ್ತೆಗೆ, ಅಲ್ಲಿಂದ ಕುಣಿಗಲ್, ಹಾಸನ, ಬೇಲೂರುಗಳ ಮೇಲೆ ಚಿಕ್ಕಮಗಳೂರು. ಸುಮಾರು 250 ಕಿಲೋಮೀಟರು. ಕೈಮರ ದಾಟಿ ಬಾಬಾಬುಡನ್‌ಗಿರಿಯ ತಿರುವುಗಳನ್ನು ಏರತೊಡಗಿದಾಗ ಮಗಳಿಗೆ ತಲೆಸುತ್ತು, ಅಮ್ಮನಿಗೆ ಹುರುಪು. ಅತ್ತಿಗುಂಡಿಯ ಸಮೀಪದಲ್ಲಿ ಸೋದರಮಾವನ ಪುಟ್ಟ ಕಾಫಿತೋಟ. ಏಳು ಕಾಫಿ ಬೀಜಗಳನ್ನು ಅರಬ್ ನಾಡಿನಿಂದ ಗುಟ್ಟಾಗಿ ತಂದು ಈ ಬೆಟ್ಟದಲ್ಲಿ ಬಿತ್ತಿದವರು ಬಾಬಾ ಬುಡನ್ ಎಂಬ ಪ್ರತೀತಿಯನ್ನು ಕೇಳದವರಾರು? ಹೊರಗಿನಿಂದ ಬಂದ ಗಿಡವೊಂದು ಒಂದು ಸೀಮೆಯ ಬಾಳನ್ನೇ ಬದಲಿಸಿದ ಬೆಟ್ಟವಿದು.

ಮರುದಿನ ಬೆಳಿಗ್ಗೆ ಮಂಜು ಇನ್ನೂ ಹರಿದಿರಲಿಲ್ಲ. ಅಮ್ಮ ಕೈಯಲ್ಲಿ ತೂಗುಪಾತ್ರೆ ಹಿಡಿದು ಮುಂದೆ ನಡೆದರು. ತೋಟದ ಅಂಚಿನಲ್ಲಿ ಕಾಡು ಆರಂಭವಾಗುವೆಡೆ, ಬೂದಿ ಬಳಿದಂಥ ಬಿಳಿಯ ಕಾಂಡಗಳು ಬಿಲ್ಲಿನಂತೆ ಬಾಗಿ ಹೆಣೆದುಕೊಂಡಿದ್ದವು. ಎಲೆಯ ಮೇಲ್ಭಾಗ ಹಸಿರು, ಅಡಿಭಾಗ ಹಿಮದಂತೆ ಬಿಳುಪು. ಗೊಂಚಲಿನಲ್ಲಿ ಹಸಿರು ಕಾಯಿ, ಕೆಂಪು ದೋರೆ, ಕಪ್ಪು ಹಣ್ಣು ಎಲ್ಲವೂ ಒಟ್ಟಿಗೆ. “ಕೆಂಪಗಿರುವುದನ್ನು ಕೀಳಬೇಡವೇ. ಕಪ್ಪಾಗಿ ಮೇಲೆ ತೆಳ್ಳಗೆ ಬೂದಿ ಕಟ್ಟಿರಬೇಕು. ಮುಟ್ಟಿದರೆ ತಾನಾಗಿ ಕಳಚಿಕೊಳ್ಳುತ್ತದೆ. ಎಳೆಯಬೇಕಾಗಿ ಬಂದರೆ ಅದು ಇನ್ನೂ ನಿನ್ನದಲ್ಲ” ಎಂದು ಮೊಮ್ಮಗಳಿಗೆ ಪಾಠವಾಯಿತು. ಮುಳ್ಳು ಕೊಕ್ಕೆಯಂಥದು, ಕೈ ಒಳಗೆ ಹೋಗುವಾಗ ಸುಮ್ಮನಿದ್ದು ಹೊರಗೆ ಬರುವಾಗ ಹಿಡಿಯುತ್ತದೆ. ನನ್ನ ಅಂಗಿಯ ತೋಳು ಅಲ್ಲಿಯೇ ಉಳಿಯಿತು. ಅಮ್ಮನ ಸೆರಗಿಗೆ ಒಂದು ಗೀರೂ ಆಗಲಿಲ್ಲ.

ಕಿತ್ತ ಹಣ್ಣು ಒಳಗೆ ಟೊಳ್ಳು, ಮಗುವಿನ ಬೆರಳಿಗೆ ಟೋಪಿ ಹಾಕುವಂತೆ. ಇದೇ ಅದರ ಕುಲದ ಗುರುತು. ಬ್ಲ್ಯಾಕ್‌ಬೆರಿಯನ್ನು ಕಿತ್ತಾಗ ನಡುವಿನ ತಿರುಳು ಹಣ್ಣಿನೊಡನೆಯೇ ಬರುತ್ತದೆ. ರಾಸ್‌ಬೆರಿಯಲ್ಲಿ ಅದು ಗಿಡದಲ್ಲೇ ಉಳಿಯುತ್ತದೆ. ಬಣ್ಣ ಕಪ್ಪಾದರೂ ನಮ್ಮದು ಎರಡನೆಯ ಜಾತಿ.

ಈ ಹಣ್ಣಿಗೂ ಬೆಂಗಳೂರಿಗೂ ಹಳೆಯ ನಂಟಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೆಲಕಾಲ ಲಾಲ್‌ಬಾಗಿನ ಹೊಣೆ ಹೊತ್ತಿದ್ದ ಸಸ್ಯಜ್ಞ ಬೆಂಜಮಿನ್ ಹೇನ್ ದಕ್ಷಿಣ ಭಾರತದ ಗಿಡಮೂಲಿಕೆಗಳನ್ನು ಸಂಗ್ರಹಿಸಿದನು. ಆ ಸಂಗ್ರಹವನ್ನು ಆಧರಿಸಿ ಜರ್ಮನಿಯ ರೋಥ್ 1821ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಗಿಡಕ್ಕೆ ‘ರೂಬಸ್ ಮೈಸೂರೆನ್ಸಿಸ್’ ಎಂದು ನಾಮಕರಣವಾಯಿತು. ಇದೇ ಗಿಡಕ್ಕೆ 1813ರಲ್ಲೇ ಥನ್‌ಬರ್ಗ್ ‘ನೈವಿಯಸ್’, ಎಂದರೆ ಹಿಮಶ್ವೇತ, ಎಂದು ಹೆಸರಿಟ್ಟಿದ್ದುದರಿಂದ ಶಾಸ್ತ್ರದಲ್ಲಿ ಹಳೆಯ ಹೆಸರೇ ನಿಂತಿತು. ಬಳಕೆಯಲ್ಲಿ ಮಾತ್ರ ಪರದೇಶದ ತೋಟಗಾರರಿಗೆ ಇದು ಇಂದಿಗೂ ‘ಮೈಸೂರ್ ರಾಸ್‌ಬೆರಿ’.

ಹೊರಡುವ ದಿನ ನಾನು ಮಾವನನ್ನು ಒಂದು ಗಿಡ ಕೇಳಿದೆ. ಬಾಗಿದ ಕಾಂಡದ ತುದಿ ನೆಲ ಮುಟ್ಟಿದಲ್ಲಿ ತಾನಾಗಿಯೇ ಬೇರು ಬಿಡುವುದರಿಂದ ಇದಕ್ಕೆ ಕಸಿಯ ಶ್ರಮವಿಲ್ಲ. ಅಂಥ ಎರಡು ತುದಿಗಳನ್ನು ಮಣ್ಣುಸಮೇತ ಅಗೆದು ಗೋಣಿಯಲ್ಲಿ ಕಟ್ಟಿಕೊಟ್ಟು ಮಾವ ನಕ್ಕರು: “ನೋಡಪ್ಪ, ಬರಿಸಿಕೊಳ್ಳುವುದು ಸುಲಭ, ಕಳಿಸುವುದು ಕಷ್ಟ.”

ಆ ಮಾತಿನ ಅರ್ಥ ಗೊಟ್ಟಿಗೆರೆಗೆ ಮರಳಿದ ಮೇಲೆ, ಬೆಳೆಸುವ ಕ್ರಮವನ್ನು ಓದುತ್ತ ಕುಳಿತಾಗ ಹೊಳೆಯಿತು. ದಕ್ಷಿಣ ಅಮೆರಿಕದ ಪಶ್ಚಿಮಕ್ಕೆ ಗಲಾಪಗಸ್ ದ್ವೀಪಗಳಿವೆ. ಡಾರ್ವಿನ್ 1835ರಲ್ಲಿ ಕಂಡು ಬೆರಗಾದ ದ್ವೀಪಗಳು. ಅಲ್ಲಿಯ ಸ್ಯಾನ್ ಕ್ರಿಸ್ಟೋಬಲ್‌ಗೆ 1968ರಲ್ಲಿ ಯಾರೋ ಬೇಸಾಯಕ್ಕೆಂದು ಈ ಗಿಡವನ್ನೇ ಒಯ್ದರು. ಹಕ್ಕಿಗಳು ಹಣ್ಣು ತಿಂದು ಬೀಜ ಹರಡಿದವು. ಇತರ ದ್ವೀಪಗಳಿಗೂ ದಾಟಿದ ಮುಳ್ಳುಪೊದೆ ಆಳೆತ್ತರ ಬೆಳೆದು, ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲದ ಸ್ಕೇಲೇಶಿಯ ಮರಗಳ ಸಸಿಗಳಿಗೆ ಬಿಸಿಲು ಸಿಗದಂತೆ ಮಾಡಿದೆ. ಹವಾಯಿಯಲ್ಲಿಯೂ ಇದು ಕಳೆಯೆಂದೇ ಗಣಿತವಾಗಿದೆ. ನಮ್ಮ ಬನ್ನೇರುಘಟ್ಟದ ಕಾಡನ್ನು ಮುಸುಕಿರುವ ಲಂಟಾನದ ತವರು ಅಮೆರಿಕ. ಅಮೆರಿಕದ ಕಡಲಾಚೆಯ ದ್ವೀಪವನ್ನು ಮುಸುಕಿರುವ ಮುಳ್ಳಿನ ತವರು ನಮ್ಮ ಬೆಟ್ಟ! ಎರಡನ್ನೂ ಒಯ್ದವರು ಕೇಡು ಬಯಸಿದವರಲ್ಲ. ಒಬ್ಬರಿಗೆ ಹೂವಿನ ಆಸೆ, ಮತ್ತೊಬ್ಬರಿಗೆ ಹಣ್ಣಿನ ಆಸೆ.

ಇತ್ತ ನನ್ನ ಅಂಗಳದಲ್ಲಿ ಗೋಣಿ ಬಿಚ್ಚಿದ ಎರಡು ಸಸಿಗಳು. ಬೆಂಗಳೂರಿನ ಒಣಹವೆಯಲ್ಲಿ ಇದು ಕಾಡಾಗುವ ಭಯ ದ್ವೀಪದಷ್ಟಿಲ್ಲ. ಆದರೂ ಕಾಡಿನ ಬಾಗಿಲಲ್ಲೇ ಮನೆ ಮಾಡಿಕೊಂಡವನಿಗೆ ಅಷ್ಟು ಧೈರ್ಯ ಸಲ್ಲದು. ಕಿತ್ತೆಸೆಯೋಣವೆಂದರೆ, ಅಮ್ಮ ಬೆಳಿಗ್ಗೆ ಎದ್ದೊಡನೆ ಮೊದಲು ಹೋಗಿ ನಿಲ್ಲುವುದು ಅವುಗಳ ಮುಂದೆ. ಎರಡು ದಿನ ಹಿಂದೆಮುಂದೆ ನೋಡಿ ಕಡೆಗೆ ಎಲ್ಲವನ್ನೂ ಅವರಿಗೆ ಹೇಳಿದೆ. ಅಮ್ಮ ಕೇಳಿ, “ಅದಕ್ಕೇನೋ? ಕೊಟ್ಟಿಗೆಗೆ ಹೊಸ ಹಸು ತಂದರೆ ಕಟ್ಟದೆ ಬಿಡುತ್ತಾರೆಯೇ? ಇದನ್ನೂ ಕಟ್ಟಿ ಸಾಕು” ಎಂದುಬಿಟ್ಟರು.

ಹಾಗೆಯೇ ಆಯಿತು. ನೀಲಿ ಡ್ರಮ್ಮೊಂದನ್ನು ಅರ್ಧಕ್ಕೆ ಕತ್ತರಿಸಿ, ತಳಕ್ಕೆ ತೂತು ಕೊರೆದು, ಕೆಮ್ಮಣ್ಣು ಗೊಬ್ಬರ ಬೆರೆಸಿ, ಮಧ್ಯಾಹ್ನದ ಬಿಸಿಲು ತಾಗದ ಕಡೆ ನೆಟ್ಟೆವು. ತುದಿ ನೆಲ ಮುಟ್ಟದಂತೆ ತಂತಿಗೆ ಕಟ್ಟಿದೆವು. ಮೊದಲ ವರ್ಷ ಬರಿಯ ಕಾಂಡ. ಇದರ ನಿಯಮವೇ ಹಾಗೆ: ಈ ವರ್ಷ ಎದ್ದ ಕಾಂಡ ಮುಂದಿನ ವರ್ಷ ಹಣ್ಣು ಕೊಟ್ಟು ಒಣಗುತ್ತದೆ, ಅದನ್ನು ಬುಡಕ್ಕೆ ಕತ್ತರಿಸಿ ಹೊಸದಕ್ಕೆ ಎಡೆ ಮಾಡಬೇಕು. ಎರಡನೆಯ ವರ್ಷ ನಸುಗೆಂಪು ಹೂ ಕಂಡೊಡನೆ ಅಮ್ಮನ ಹಳೆಯ ಸೀರೆಯೊಂದು ಬಲೆಯಾಯಿತು. ಕೆರೆಯ ಕಡೆಯಿಂದ ಬಂದ ಪಿಕಳಾರಗಳು ತಂತಿಯ ಮೇಲೆ ಕುಳಿತು ನಮ್ಮನ್ನು ಬೈದುಕೊಂಡು ಹೋದವು.

ಹಣ್ಣಾದದ್ದು ಹನ್ನೊಂದು. ದೇವರಿಗೆ ಒಂದಿಟ್ಟು, ಮೊಮ್ಮಗಳಿಗೆ ಐದು, ಸೊಸೆಗೆ ಎರಡು, ನನಗೆ ಎರಡು ಹಂಚಿ, ಉಳಿದ ಒಂದನ್ನು ಅಮ್ಮ ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಸುಮ್ಮನಿದ್ದರು.

“ಅಲ್ಲಿಯಷ್ಟು ರುಚಿಯಿಲ್ಲ” ಎಂದರು. ಆಮೇಲೆ ಕಾಂಡದ ತುದಿಯೊಂದನ್ನು ಎತ್ತಿ ತಂತಿಗೆ ಸಿಕ್ಕಿಸುತ್ತ, “ಬರುವ ವರ್ಷ ನೋಡೋಣ” ಎಂದರು.

ನಮ್ಮ ಮನೆಯಲ್ಲಿ ಬರುವ ವರ್ಷದ ಮಾತನ್ನು ಅವರು ಆಡಿದ್ದು ಅದೇ ಮೊದಲು.